ಮಾತು ದಾಟುವ ಸಂಧಿಗಳನ್ನು ಕುರಿತು: ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಅಧ್ಯಕ್ಷರಿಗೂ ಸದಸ್ಯರಿಗೂ

ಮಾನ್ಯರೆ,

ನೀವು ಆಗಾಗ ಸಮಾಲೋಚನಾ ಪತ್ರಗಳನ್ನು ಹೊರಡಿಸಿ, ಅವುಗಳ ಕೊನೆಯಲ್ಲಿ ಪ್ರಶ್ನೆಗಳನ್ನು ಸಾಲಾಗಿ ಇಟ್ಟು, ಸೇವಾದಾತರಿಂದಲೂ ಸಾರ್ವಜನಿಕರಿಂದಲೂ ಉತ್ತರವನ್ನು ಬಯಸುತ್ತೀರಿ. ಈ ಪದ್ಧತಿ ಶ್ಲಾಘ್ಯವಾದದ್ದು. ನಮ್ಮ ದೇಶದ ಅನೇಕ ಅಧಿಕಾರ ಸಂಸ್ಥೆಗಳಿಗೆ ಕೇಳುವ ಅಭ್ಯಾಸವೇ ಇಲ್ಲದಿರುವಾಗ ಕೇಳುವವರೊಬ್ಬರು ಇದ್ದಾರೆಂಬುದೇ ಸಮಾಧಾನದ ಸಂಗತಿ. ಆದರೆ ಆ ಪತ್ರಗಳ ಭಾಷೆಯೂ ಪರಿಭಾಷೆಯೂ ವಕೀಲರಿಗೆ ಮತ್ತು ಎಂಜಿನಿಯರರಿಗೆ ಮಾತ್ರ ಸುಗಮವಾಗಿರುವುದರಿಂದ, ತಿಂಗಳು ತಿಂಗಳೂ ಕರೆನ್ಸಿ ಹಾಕಿಸಿಕೊಂಡು ಈ ಸಮಸ್ತ ವ್ಯವಸ್ಥೆಯ ಖರ್ಚನ್ನು ಹೊರುವ ಸಾಮಾನ್ಯ ಚಂದಾದಾರನ ಕೈಗೆ ಅವು ತಲಪುವುದಿಲ್ಲ. ಆದಕಾರಣ ನೀವು ಇದುವರೆಗೆ ನೇರವಾಗಿ ಕೇಳದಿರುವ ಪ್ರಶ್ನೆಯೊಂದಕ್ಕೆ ಕನ್ನಡದಲ್ಲಿ ಉತ್ತರ ಬರೆಯುವ ಸ್ವಾತಂತ್ರ್ಯವನ್ನು ವಹಿಸಿಕೊಂಡಿದ್ದೇನೆ.

ದೂರವಾಣಿಯ ಕ್ಷೇತ್ರದಲ್ಲಿ ಸ್ಪರ್ಧೆ ಉಳಿಯಬೇಕೆಂದು ನೀವೂ ಹೇಳುತ್ತೀರಿ, ಸರ್ಕಾರವೂ ಹೇಳುತ್ತದೆ, ಸ್ಪರ್ಧೆಯಿಂದ ನೊಂದ ಕಂಪನಿಗಳು ಸಹ ಸಭೆಗಳಲ್ಲಿ ಅದನ್ನೇ ಹೇಳುತ್ತವೆ. ಆದರೆ ಅದು ಎಲ್ಲಿ ಉಳಿಯಬೇಕೆಂಬುದನ್ನು ಬಿಡಿಸಿ ಹೇಳಿದವರನ್ನು ನಾನು ಕಾಣೆ. ಕಂಪನಿಗಳ ತಲೆ ಎಣಿಸಿ, ಇಷ್ಟು ಮಂದಿ ಇದ್ದರೆ ಸ್ಪರ್ಧೆಯಿದೆ, ಇಷ್ಟಕ್ಕೆ ಇಳಿದರೆ ಇಲ್ಲ ಎಂದು ಲೆಕ್ಕ ಹಾಕುವುದು ವಾಡಿಕೆ. ನನ್ನ ಅಭಿಪ್ರಾಯದಲ್ಲಿ ಸ್ಪರ್ಧೆಯ ಮರ್ಮಸ್ಥಾನ ಬೇರೆಡೆಯಲ್ಲಿದೆ: ಒಬ್ಬನ ಜಾಲದಲ್ಲಿ ಹುಟ್ಟಿದ ಮಾತು ಇನ್ನೊಬ್ಬನ ಜಾಲವನ್ನು ಹೊಗುವ ಸಂಧಿಯಲ್ಲಿ. ಆ ಸಂಧಿ ತೆರೆದಿದ್ದರೆ, ಇಂದು ಇಬ್ಬರೇ ಇದ್ದರೂ ನಾಳೆ ಮೂರನೆಯವನೊಬ್ಬ ಬರಬಲ್ಲನು. ಅದು ಮುಚ್ಚಿತೆಂದರೆ ಹತ್ತು ಮಂದಿ ಇದ್ದರೂ ಒಂದೊಂದು ಊರಿನ ಜನ ಒಬ್ಬೊಬ್ಬನ ಒಕ್ಕಲಾಗಿ ಉಳಿಯುವರು. ಇಂಟರ್‌ನೆಟ್ ಕರೆಗಳ ವಿಷಯದಲ್ಲಿ ನಿಮ್ಮ ಮುಂದೆ ಬರುತ್ತಿರುವ ಒತ್ತಾಯಗಳನ್ನೆಲ್ಲ ಈ ಒಂದು ದೃಷ್ಟಿಯಿಂದ ನೋಡಬೇಕೆಂಬುದು ನನ್ನ ಬಿನ್ನಹ.

ಹಿಂದಿನದನ್ನು ಸ್ವಲ್ಪ ನೆನೆಯುವುದು ಅಪ್ರಸ್ತುತವಾಗಲಾರದು. ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕಾಯುತ್ತಿದ್ದ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯ ತರುಣ ಎಂಜಿನಿಯರರು, ಹವಾನಿಯಂತ್ರಣವಿಲ್ಲದೆ ಹಳ್ಳಿಯ ಸೆಕೆಯನ್ನೂ ಧೂಳನ್ನೂ ತಾಳಬಲ್ಲ 128 ಲೈನುಗಳ ಪುಟ್ಟ ಎಕ್ಸ್‌ಚೇಂಜೊಂದನ್ನು ನಿರ್ಮಿಸಿ, ಅದರಲ್ಲಿ ಮೊಟ್ಟಮೊದಲನೆಯದನ್ನು 1986ರ ಜುಲೈ ತಿಂಗಳಲ್ಲಿ ನಮ್ಮ ಕಿತ್ತೂರಿನಲ್ಲಿ ಸ್ಥಾಪಿಸಿದರೆಂಬುದು ಕನ್ನಡಿಗರಲ್ಲಿ ಬಹುಮಂದಿಗೆ ತಿಳಿಯದು. ಚೆನ್ನಮ್ಮನ ಕೋಟೆಯ ಊರಿಗೆ ಸಲ್ಲಬೇಕಾದ ಈ ಎರಡನೆಯ ಕೀರ್ತಿಯನ್ನು ಯಾವ ಪಠ್ಯಪುಸ್ತಕದಲ್ಲಿಯೂ ನಾನು ಕಂಡದ್ದಿಲ್ಲ. ಅದಾದ ಒಂಬತ್ತು ವರ್ಷಕ್ಕೆ, 1995ರ ಜುಲೈ 31ರಂದು, ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಚಿವ ಸುಖ್ ರಾಮ್ ಅವರಿಗೆ ದೇಶದ ಪ್ರಥಮ ಮೊಬೈಲ್ ಕರೆಯನ್ನು ಮಾಡಿದರು. ಆಗ ನಿಮಿಷಕ್ಕೆ 16 ರೂಪಾಯಿಯವರೆಗೂ ದರವಿತ್ತು. ಕರೆದವನೂ ತೆರಬೇಕು, ಕರೆಸಿಕೊಂಡವನೂ ತೆರಬೇಕು. ಬಂದ ಕರೆಗೆ ಹಣ ತೆರುವ ಈ ವಿಚಿತ್ರ ನ್ಯಾಯ ಕೊನೆಗೊಂಡದ್ದು 2003ರ ಮೇ ತಿಂಗಳಲ್ಲಿ, ನಿಮ್ಮ ಪ್ರಾಧಿಕಾರವೇ ರೂಪಿಸಿದ ಅಂತರ್ಸಂಪರ್ಕ ಶುಲ್ಕದ ವ್ಯವಸ್ಥೆಯಿಂದ. ಕರೆ ಹೊರಟ ಜಾಲವು ಕರೆ ಮುಟ್ಟಿದ ಜಾಲಕ್ಕೆ ನಿಮಿಷಕ್ಕಿಷ್ಟು ಎಂದು ಕೊಡತಕ್ಕದ್ದು, ಮುಟ್ಟಿಸಿಕೊಂಡ ಮನುಷ್ಯನು ಏನನ್ನೂ ಕೊಡತಕ್ಕದ್ದಲ್ಲ ಎಂಬ ಆ ಒಂದು ಸರಳ ನಿಯಮ, ಹೊಲದಲ್ಲಿ ದುಡಿಯುವವನ ಜೇಬಿಗೂ ಫೋನನ್ನು ತಂದಿತು.

ಇನ್ನು ಮಾತಿನ ಸ್ವರೂಪವೇ ಬದಲಾದ ಬಗೆಯನ್ನು ನೋಡಬೇಕು. ಪೂರ್ವದಲ್ಲಿ ಒಂದು ಕರೆಯೆಂದರೆ, ಮಾತನಾಡುವ ಇಬ್ಬರ ನಡುವೆ ಆದ್ಯಂತವಾಗಿ ಕಾದಿರಿಸಿದ ಒಂದು ಮಾರ್ಗ. ಇಬ್ಬರೂ ಸುಮ್ಮನಿದ್ದರೂ ಆ ಮಾರ್ಗ ಅವರದೇ, ಆದುದರಿಂದಲೇ ನಿಮಿಷದ ಲೆಕ್ಕ. ಇಂದು ಮಾತು ಸಣ್ಣ ಸಣ್ಣ ಪೊಟ್ಟಣಗಳಾಗಿ ಕತ್ತರಿಸಲ್ಪಟ್ಟು, ಚಲನಚಿತ್ರ, ಬ್ಯಾಂಕಿನ ಸಂದೇಶ, ಮಕ್ಕಳ ಆಟ ಇವುಗಳ ಪೊಟ್ಟಣಗಳೊಡನೆ ಒಂದೇ ಪ್ರವಾಹದಲ್ಲಿ ಸಾಗುತ್ತದೆ. ಮೊಬೈಲ್ ಜಾಲಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಸಂಕೇತನ ಕ್ರಮದಲ್ಲಿ ಮಾತಿಗೆ ಸೆಕೆಂಡಿಗೆ 12.2 ಕಿಲೋಬಿಟ್ ಸಾಕು. ಪೊಟ್ಟಣಗಳ ಮೇಲಿನ ವಿಳಾಸಗಳ ಭಾರವನ್ನೆಲ್ಲ ಕೂಡಿಸಿದರೂ ಒಂದು ನಿಮಿಷದ ಸಂಭಾಷಣೆ ಒಂದು ಮೆಗಾಬೈಟನ್ನು ಮುಟ್ಟುವುದಿಲ್ಲ. ದಿನಕ್ಕೆ ಒಂದೂವರೆ ಜಿಬಿ ಕೊಡುತ್ತೇವೆನ್ನುವ ಪ್ಯಾಕಿನಲ್ಲಿ, ದಿನವಿಡೀ ಹಗಲು ರಾತ್ರಿ ಬಿಡದೆ ಹರಟಿದರೂ ಮಿಗುವಷ್ಟು ಅವಕಾಶವಿದೆ. ನಾಲ್ಕನೆಯ ತಲೆಮಾರಿನ ಜಾಲದಲ್ಲಿ ಕಂಪನಿಯವರದೇ ಆದ ‘ಸಾಧಾರಣ’ ಕರೆಯೂ ಪೊಟ್ಟಣಗಳ ಕರೆಯೇ. ವಾಟ್ಸ್‌ಆ್ಯಪ್‌ನಲ್ಲಿ ಹೋದ ಮಾತಿಗೂ ಹತ್ತು ಅಂಕೆಗಳನ್ನು ಒತ್ತಿ ಹೋದ ಮಾತಿಗೂ, ಗುಣದಲ್ಲಿಯೂ ಆದ್ಯತೆಯಲ್ಲಿಯೂ ಕೊಂಚ ತಾರತಮ್ಯವಿದ್ದರೂ, ಜಾತಿಯಲ್ಲಿ ಭೇದವಿಲ್ಲ. ಭೇದವಿರುವುದು ಬಿಲ್ಲಿನಲ್ಲಿ, ಮತ್ತು ಯಾರ ಅಪ್ಪಣೆಯಿಂದ ಯಾರಿಗೆ ಅದು ಮುಟ್ಟುತ್ತದೆಂಬುದರಲ್ಲಿ.

ಅಪ್ಪಣೆಯ ಮಾತು ಬಂದುದರಿಂದ 2016ರ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಅದರ ದಾಖಲೆ ನಿಮ್ಮ ಕಚೇರಿಯಲ್ಲಿಯೇ ಇದೆ. ಆ ವರ್ಷದ ಸೆಪ್ಟೆಂಬರ್ 5ರಂದು ಜಿಯೋ ತನ್ನ ಸೇವೆಯನ್ನು ಆರಂಭಿಸಿತು. ಸಿಮ್‌ಗಾಗಿ ಅಂಗಡಿಗಳ ಮುಂದೆ ಸಾಲು ನಿಂತಿತು, ಕರೆಗಳು ಉಚಿತವೆಂದು ಡಂಗುರ ಹೊಡೆಯಿತು. ಆದರೆ ಹೊಸ ಸಿಮ್ಮಿನಿಂದ ಹಳೆಯ ಕಂಪನಿಗಳ ನಂಬರಿಗೆ ಕರೆ ಮಾಡಿದವರಿಗೆ ಕೇಳಿಬಂದದ್ದು ಬಹುಪಾಲು ‘ಬ್ಯುಸಿ’ ಧ್ವನಿ ಮಾತ್ರ. ಎರಡು ಜಾಲಗಳು ಕೂಡುವ ಕಡೆ ಎಷ್ಟು ದ್ವಾರಗಳಿರಬೇಕೋ ಅಷ್ಟನ್ನು ಹಳಬರು ತೆರೆದಿರಲಿಲ್ಲ. ನಿಮ್ಮ ನಿಯಮದ ಪ್ರಕಾರ ಆ ಸಂಧಿಯಲ್ಲಿ ಇನ್ನೂರು ಕರೆಗಳಿಗೆ ಒಂದಕ್ಕಿಂತ ಹೆಚ್ಚು ಕರೆ ಬೀಳಕೂಡದು. ಆಗ ಬೀಳುತ್ತಿದ್ದುದು ಅದರ ಎಷ್ಟೋ ಪಟ್ಟು. ಹಳಬರ ವಾದದಲ್ಲಿಯೂ ಸತ್ಯಾಂಶವಿಲ್ಲದಿರಲಿಲ್ಲ: ಉಚಿತ ಕರೆಗಳ ಪ್ರವಾಹ ಒಂದೇ ದಿಕ್ಕಿಗೆ ಹರಿಯುತ್ತಿದೆ, ಅದನ್ನು ಮುಟ್ಟಿಸಿಕೊಡುವುದಕ್ಕೆ ದೊರೆಯುವ ನಿಮಿಷಕ್ಕೆ 14 ಪೈಸೆ ತಮ್ಮ ಖರ್ಚಿಗೇ ಸಾಲದು ಎಂದು ಅವರು ಮೊರೆಯಿಟ್ಟರು. ನೀವು ಎರಡು ಪಕ್ಷಗಳನ್ನೂ ಕೇಳಿ, ಅಕ್ಟೋಬರಿನಲ್ಲಿ ಏರ್‌ಟೆಲ್, ವೊಡಾಫೋನ್, ಐಡಿಯಾ ಈ ಮೂರು ಕಂಪನಿಗಳಿಗೂ ಒಂದೊಂದು ವಲಯಕ್ಕೆ 50 ಕೋಟಿ ರೂಪಾಯಿಯಂತೆ ಒಟ್ಟು 3,050 ಕೋಟಿ ರೂಪಾಯಿ ದಂಡವನ್ನು ಶಿಫಾರಸು ಮಾಡಿದಿರಿ. ಸರ್ಕಾರ ಆ ದಂಡದ ಬೇಡಿಕೆಯನ್ನು ಕಳುಹಿಸಿದ್ದು ಐದು ವರ್ಷಗಳ ತರುವಾಯ, 2021ರಲ್ಲಿ. ಅಷ್ಟರೊಳಗೆ ಆ ಮೂರರಲ್ಲಿ ಎರಡು ಕಂಪನಿಗಳು ಒಂದಾಗಿ, ಒಂದಾದದ್ದೂ ಸಾಲದಲ್ಲಿ ಮುಳುಗಿ, ಅಂದಿನ ನವಾಗತನು ದೇಶದ ಅತಿ ದೊಡ್ಡ ಕಂಪನಿಯಾಗಿದ್ದನು.

ಆ ವ್ಯಾಜ್ಯದ ಉಪಕಥೆಯೊಂದು ನನಗೆ ಇನ್ನೂ ಸ್ವಾರಸ್ಯವಾಗಿ ತೋರುತ್ತದೆ. 14 ಪೈಸೆಯನ್ನು ನೀವು 2017ರಲ್ಲಿ 6 ಪೈಸೆಗೆ ಇಳಿಸಿದಿರಿ. ಕರೆ ಮಾಡಿದ ಜಾಲ ಕೊಡಬೇಕು, ಮುಟ್ಟಿಸಿಕೊಂಡ ಜಾಲ ಪಡೆಯಬೇಕು ಎಂಬ ನಿಯಮ ಇರುವಷ್ಟು ಕಾಲವೂ, ತನ್ನ ಗಿರಾಕಿ ಕರೆ ಮಾಡುವುದಕ್ಕಿಂತ ಅವನಿಗೆ ಮರುಕರೆ ಬರುವುದೇ ಲಾಭವೆಂದು ಕಂಪನಿಗೆ ಹೊಳೆಯದೆ ಇದ್ದೀತೆ? 2019ರಲ್ಲಿ ಜಿಯೋ ಗಂಟೆ ಬಡಿಯುವ ಅವಧಿಯನ್ನು 20 ಸೆಕೆಂಡಿಗೆ ಇಳಿಸಿ ಮತ್ತೆ 25ಕ್ಕೆ ಏರಿಸಿತು. ಮಿಕ್ಕವರೂ 25ಕ್ಕೆ ಇಳಿದರು. ಜಗಲಿಯ ಮೇಲೆ ಕುಳಿತ ಮುದುಕರೊಬ್ಬರು ಮೊಣಕಾಲು ಹಿಡಿದುಕೊಂಡು ಎದ್ದು, ನಡುಮನೆಯ ಗೂಡಿನಲ್ಲಿಟ್ಟ ಫೋನನ್ನು ಮುಟ್ಟುವಷ್ಟರಲ್ಲಿ ಅದು ಸುಮ್ಮನಾಗುತ್ತಿತ್ತು. ಆಗ ಅವರೇ ತಿರುಗಿ ಕರೆಯಬೇಕು, ಅವರ ಜಾಲವೇ ಪೈಸೆ ತೆರಬೇಕು. ಮಿಸ್ಡ್ ಕಾಲ್ ಕೊಟ್ಟು ಕಾಸು ಉಳಿಸುವ ವಿದ್ಯೆ ನಮ್ಮ ಹಳ್ಳಿಯ ಬಡವರದೆಂದು ನಗುತ್ತಿದ್ದವರು, ಅದೇ ವಿದ್ಯೆಯನ್ನು ಕೋಟ್ಯಧೀಶ್ವರ ಕಂಪನಿಗಳು ಯಂತ್ರದ ಮೂಲಕ ಅಭ್ಯಾಸ ಮಾಡಿದ್ದನ್ನು ಕಂಡು ಏನೆಂದರೋ ತಿಳಿಯದು. ಕಡೆಗೆ ನೀವು ಮೊಬೈಲಿಗೆ 30 ಸೆಕೆಂಡು, ಸ್ಥಿರ ದೂರವಾಣಿಗೆ 60 ಸೆಕೆಂಡು ಗಂಟೆ ಬಡಿಯತಕ್ಕದ್ದೆಂದು ವಿಧಿಸಿದಿರಿ. 2021ರ ಜನವರಿ 1ರಿಂದ ಆ ಪೈಸೆಯ ಲೆಕ್ಕವನ್ನೇ ತೊಡೆದುಹಾಕಿದಿರಿ. ಸಂಧಿಯಲ್ಲಿ ಒಂದು ಚಿಕ್ಕ ಆಸೆಗೆ ಎಡೆಗೊಟ್ಟರೆ ಅದು ಜಗಲಿಯವರೆಗೂ ಹೇಗೆ ಬರುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ಕಂಪನಿಗಳ ಸಂಖ್ಯೆ ಕುಗ್ಗಿದ ಕಥೆಯನ್ನು ಸಂಕ್ಷೇಪವಾಗಿ ಮುಗಿಸುತ್ತೇನೆ, ಏಕೆಂದರೆ ಅದು ಎಲ್ಲರೂ ಬಲ್ಲದ್ದು. ಕರ್ನಾಟಕದಲ್ಲಿ ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್ ಇದ್ದುವು. ಆಮೇಲೆ ಹಚ್, ರಿಲಯನ್ಸ್, ಟಾಟಾ, ಏರ್‌ಸೆಲ್, ಯುನಿನಾರ್ ಎಂದು ಬಂದುವು. 2012ರ ಫೆಬ್ರವರಿ 2ರಂದು ಸರ್ವೋಚ್ಚ ನ್ಯಾಯಾಲಯ 122 ಪರವಾನಗಿಗಳನ್ನು ರದ್ದು ಮಾಡಿತು. 2016ರ ಬೆಲೆ ಯುದ್ಧದಲ್ಲಿ ಕೆಲವರು ಮಡಿದರು. 2019ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ, ದೂರಸಂಪರ್ಕಕ್ಕೆ ಸಂಬಂಧವಿಲ್ಲದ ಆದಾಯವನ್ನೂ ಸೇರಿಸಿ ಸರ್ಕಾರಕ್ಕೆ ಪಾಲು ಸಲ್ಲಬೇಕೆಂದು ತೀರ್ಪು ಕೊಟ್ಟಾಗ ಉಳಿದವರ ಬೆನ್ನೂ ಬಾಗಿತು. ಈಗ ಖಾಸಗಿಯಲ್ಲಿ ಮೂವರು. ಅವರಲ್ಲಿ ಇಬ್ಬರ ಬಳಿ ದೇಶದ ಹತ್ತು ಮೊಬೈಲ್ ಚಂದಾದಾರರಲ್ಲಿ ಏಳಕ್ಕಿಂತ ಹೆಚ್ಚು ಮಂದಿ. ಮೂರನೆಯ ಕಂಪನಿಯ ಬಾಕಿಯನ್ನು ಷೇರುಗಳಾಗಿ ಪರಿವರ್ತಿಸಿಕೊಂಡು 2025ರಲ್ಲಿ ಸರ್ಕಾರವೇ ಅದರ ಸುಮಾರು ಶೇಕಡ 49 ಭಾಗದ ಒಡೆಯನಾಯಿತು; ನಾಲ್ಕನೆಯದಾದ ಬಿಎಸ್‌ಎನ್‌ಎಲ್ ಮೊದಲಿನಿಂದಲೂ ಸರ್ಕಾರದ್ದೇ. ನೀವು ನಿಯಂತ್ರಿಸುವ ಕ್ಷೇತ್ರದಲ್ಲಿ, ನಿಮ್ಮನ್ನು ನೇಮಿಸುವ ಸರ್ಕಾರವು ಇಬ್ಬರು ಸ್ಪರ್ಧಿಗಳಲ್ಲಿ ಪಾಲುದಾರ. 2024ರ ಜುಲೈ ಮೊದಲ ವಾರದಲ್ಲಿ ಖಾಸಗಿಯ ಮೂವರೂ ಒಂದು ದಿನದ ಅಂತರದಲ್ಲಿ ದರಗಳನ್ನು ಹೆಚ್ಚಿಸಿದರು. ದರಗಳನ್ನು ಕಂಪನಿಗಳ ವಿವೇಚನೆಗೇ ಬಿಡುವುದು ನಿಮ್ಮ ನೀತಿ. ಹತ್ತಾರು ಮಂದಿ ಇದ್ದ ಕಾಲಕ್ಕೆ ಅದು ಸರಿಯಾಗಿತ್ತು.

ಹೀಗೆ ಜಾಲದ ನೆಲದಲ್ಲಿ ಸ್ಪರ್ಧೆ ಸೊರಗಿದ ಕಾಲದಲ್ಲಿ ಅದು ಜೀವ ಹಿಡಿದುಕೊಂಡಿರುವುದು ಜಾಲದ ಮೇಲೆ ಹರಿಯುವ ಇಂಟರ್‌ನೆಟ್ ಕರೆಯಲ್ಲಿ. ಕಂಪನಿಯು ಮಾತಿಗೆ ದುಬಾರಿ ಹೇಳಿದರೆ, ವಿದೇಶದ ಕರೆಗೆ ಹತ್ತು ಪಟ್ಟು ಹೇಳಿದರೆ, ಚಂದಾದಾರನಿಗೆ ಇರುವ ಬದಲು ದಾರಿ ಅದೊಂದೇ. ಅದನ್ನು ಅಂಜುತ್ತ ಅಂಜುತ್ತಲೇ ನಮ್ಮ ದೇಶ ಒಳಗೆ ಬಿಟ್ಟುಕೊಂಡಿತು. 2002ರ ಏಪ್ರಿಲ್‌ನಲ್ಲಿ ಅನುಮತಿ ದೊರೆತಾಗ, ಕಂಪ್ಯೂಟರಿನಿಂದ ಅಮೆರಿಕದ ಫೋನಿಗೆ ಮಾತನಾಡಬಹುದು, ಪಕ್ಕದ ಬೀದಿಯ ಫೋನಿಗೆ ಆಡಕೂಡದು ಎಂಬ ನಿರ್ಬಂಧವಿತ್ತು. 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಇಂಟರ್‌ನೆಟ್ ಕರೆಗಳಿಗೆ ಪ್ರತ್ಯೇಕ ಶುಲ್ಕ ವಿಧಿಸುವುದಾಗಿ ಪ್ರಕಟಿಸಿ, ಜನರ ಕೂಗೆದ್ದ ಮೇಲೆ ಹಿಂದೆಗೆಯಿತು. ಮರುವರ್ಷ ನೀವು ಸಮಾಲೋಚನಾ ಪತ್ರ ಹೊರಡಿಸಿದಾಗ ಹತ್ತು ಲಕ್ಷಕ್ಕೂ ಮಿಕ್ಕ ಇಮೇಲ್‌ಗಳು ನಿಮ್ಮ ಕಚೇರಿಯ ಮೇಲೆ ಸುರಿದುವು. 2016ರ ಫೆಬ್ರವರಿ 8ರ ನಿಮ್ಮ ನಿಯಮ, ಒಳವಿಷಯ ಯಾವುದೆಂದು ನೋಡಿ ದರದಲ್ಲಿ ಭೇದ ಮಾಡಕೂಡದೆಂದು ಸಾರಿತು. 2020ರ ಸೆಪ್ಟೆಂಬರಿನಲ್ಲಿ, ಈ ಆ್ಯಪ್‌ಗಳಿಗೆ ಸದ್ಯಕ್ಕೆ ಪ್ರತ್ಯೇಕ ನಿಯಂತ್ರಣ ಬೇಕಿಲ್ಲವೆಂದು ಹೇಳಿದಿರಿ. ಈ ಎರಡು ನಿರ್ಣಯಗಳಿಗಾಗಿ ನಾಡಿನ ಚಂದಾದಾರರು ನಿಮಗೆ ಋಣಿಗಳು. ಆದರೆ 2023ರ ಜುಲೈಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಎತ್ತಿದಿರಿ. ಅದೇ ವರ್ಷದ ಡಿಸೆಂಬರಿನಲ್ಲಿ ಅಂಗೀಕೃತವಾದ ದೂರಸಂಪರ್ಕ ಕಾಯಿದೆಯಲ್ಲಿ ದೂರಸಂಪರ್ಕದ ವ್ಯಾಖ್ಯೆ ಎಷ್ಟು ವಿಶಾಲವೆಂದರೆ, ಆ್ಯಪ್‌ಗಳು ಇದರೊಳಗೆ ಬರುವುದಿಲ್ಲವೆಂದು ಸಚಿವರು ಬಾಯಿಮಾತಿನಲ್ಲಿ ಆಶ್ವಾಸನೆ ಕೊಡಬೇಕಾಯಿತು. ಶಾಸನದ ಅಕ್ಷರ ನಿಲ್ಲುತ್ತದೆ, ಸಚಿವರು ಬದಲಾಗುತ್ತಾರೆ.

ಸೇವಾದಾತರ ಘೋಷಣೆ ಬಹು ಸರಳವಾದದ್ದು: ಸೇವೆ ಒಂದೇ ಆದಮೇಲೆ ನಿಯಮವೂ ಒಂದೇ ಆಗಬೇಕು. ನಾವು ತರಂಗಾಂತರಕ್ಕೆ ಹರಾಜಿನಲ್ಲಿ ಹಣ ಸುರಿದಿದ್ದೇವೆ, ಪರವಾನಗಿ ಶುಲ್ಕ ಕಟ್ಟುತ್ತೇವೆ, ಪೊಲೀಸರು ಕೇಳಿದಾಗ ದಾಖಲೆ ಒಪ್ಪಿಸುತ್ತೇವೆ. ಆ್ಯಪ್‌ನವರು ಇದಾವುದೂ ಇಲ್ಲದೆ ನಮ್ಮ ಜಾಲದ ಮೇಲೆ ಸವಾರಿ ಮಾಡುತ್ತಾರೆ ಎಂಬುದು ಅವರ ದೂರು. ಈ ವಾದವನ್ನು ತಿರಸ್ಕಾರದಿಂದ ತಳ್ಳಿಹಾಕುವವರಲ್ಲಿ ನಾನು ಒಬ್ಬನಲ್ಲ. ಆ್ಯಪ್ ಕರೆಯಿಂದ ತುರ್ತು ಸಹಾಯದ 112ನ್ನು ಮುಟ್ಟಲಾಗದೆಂಬುದೂ ನಿಜ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ನಿವೃತ್ತರ ಉಳಿತಾಯವನ್ನು ದೋಚುವ ವಂಚಕರು ವಿಡಿಯೋ ಕರೆಯ ಮರೆಯಲ್ಲಿಯೇ ಕುಳಿತಿರುವರೆಂಬುದೂ ನಿಜ. 2025ರ ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆ, ಸಂದೇಶದ ಆ್ಯಪ್‌ಗಳು ಫೋನಿನೊಳಗಿನ ಸಿಮ್ಮಿಗೆ ಕಟ್ಟುಬಿದ್ದಿರಬೇಕೆಂದು ಆದೇಶಿಸಿದ್ದು ಈ ವಂಚನೆಯ ಹೆಸರಿನಲ್ಲಿಯೇ. ಆದರೆ ಅವರ ದೂರಿನಲ್ಲಿ ಒಂದು ಸಂಗತಿ ಮರೆಯಾಗಿದೆ: ಆ ‘ಸವಾರಿ’ಗೆ ಬಾಡಿಗೆಯನ್ನು ಚಂದಾದಾರನು ಆಗಲೇ ಕೊಟ್ಟಿರುತ್ತಾನೆ. ಡೇಟಾವನ್ನು ಕೊಂಡವನು ಅದರಲ್ಲಿ ಹಾಡು ಕೇಳುವನೋ, ಮಗಳೊಡನೆ ಮಾತನಾಡುವನೋ ಎಂಬುದು ಮಾರಿದವನ ಗೋಜಲ್ಲ. ಕಂಪನಿಗಳ ಹೊರೆ ನ್ಯಾಯವಾದುದಕ್ಕಿಂತ ಹೆಚ್ಚಾಗಿದ್ದರೆ ಅದನ್ನು ಇಳಿಸಿರಿ. ಹೊರೆಯಿಲ್ಲದವನ ತಲೆಯ ಮೇಲೂ ಒಂದು ಹೊರೆ ಹೇರಿ ಸಮಾನತೆ ಸಾಧಿಸಿದೆವೆನ್ನಬೇಡಿ.

ಪರವಾನಗಿಯ ಹಾದಿಯಲ್ಲಿ ಮುಂದುವರಿದರೆ ಎಲ್ಲಿಗೆ ತಲಪುತ್ತೇವೆಂಬುದನ್ನು ಊಹಿಸಬೇಕಾಗಿಲ್ಲ. ನಮ್ಮ ಕರಾವಳಿಯ ಮನೆಗಳಲ್ಲಿ ಕೇಳಿದರೆ ಸಾಕು. ಮಂಗಳೂರು, ಉಡುಪಿ, ಭಟ್ಕಳಗಳಿಂದ ದುಬೈ ಅಬುಧಾಬಿಗಳಿಗೆ ದುಡಿಯಲು ಹೋದವರು ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಕಳುಹಿಸಬಹುದಾಗಿತ್ತು, ಫೋಟೋ ಕಳುಹಿಸಬಹುದಾಗಿತ್ತು. ಕರೆ ಮಾತ್ರ ಕೂಡುತ್ತಿರಲಿಲ್ಲ, ಏಕೆಂದರೆ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಇಂಟರ್‌ನೆಟ್ ಕರೆ ಪರವಾನಗಿ ಪಡೆದವರ ಮೂಲಕವೇ ನಡೆಯತಕ್ಕದ್ದು, ಆ ಪರವಾನಗಿಯ ಮೂಲ ಅಲ್ಲಿಯ ಎರಡು ದೂರಸಂಪರ್ಕ ಕಂಪನಿಗಳು. 2018ರಲ್ಲಿ ಬೋಟಿಮ್ ಮೊದಲಾದ ಆ್ಯಪ್‌ಗಳಿಗೆ ಅನುಮತಿ ಸಿಕ್ಕಾಗ, ಮೊಬೈಲಿನಲ್ಲಿ ಆ ಸೌಕರ್ಯ ಬೇಕಾದವನು ತನ್ನ ಡೇಟಾ ಖರ್ಚಿನ ಮೇಲೆ ತಿಂಗಳಿಗೆ ಇನ್ನೂ 50 ದಿರ್ಹಮ್ ತೆರಬೇಕಾಯಿತು. ಅತ್ತ ಮಗ, ಇತ್ತ ತಾಯಿ. ತಾಯಿಯ ಫೋನಿನಲ್ಲಿಯೂ ಅದೇ ಆ್ಯಪ್ ಇರಬೇಕು. ‘ಅಮ್ಮ, ಬೋಟಿಮ್‌ಗೆ ಬನ್ನಿ’ ಎಂಬ ಮಾತು ಕರಾವಳಿಯ ಎಷ್ಟೋ ಮನೆಗಳಲ್ಲಿ ದಿನನಿತ್ಯದ ಮಾತಾಯಿತು. ಸೌದಿ ಅರೇಬಿಯ 2017ರಲ್ಲಿಯೇ ಈ ತಡೆಯನ್ನು ಸಡಿಲಿಸಿತು. ಅದರಿಂದ ಅಲ್ಲಿಯ ದೂರಸಂಪರ್ಕ ಕಂಪನಿಗಳು ಬಾಗಿಲು ಮುಚ್ಚಲಿಲ್ಲ. ಹೆಚ್ಚು ದಟ್ಟಣೆ ತರುವವರಿಂದ ಜಾಲದ ಶುಲ್ಕ ವಸೂಲು ಮಾಡಬೇಕೆಂಬ ಇನ್ನೊಂದು ಒತ್ತಾಯದ ಫಲವನ್ನು ದಕ್ಷಿಣ ಕೊರಿಯದಲ್ಲಿ ನೋಡಬಹುದು: ಟ್ವಿಚ್ ಎಂಬ ದೃಶ್ಯಪ್ರಸಾರ ಸೇವೆ, ಅಲ್ಲಿಯ ಜಾಲಶುಲ್ಕವನ್ನು ತಾಳಲಾರೆನೆಂದು ಹೇಳಿ 2024ರ ಫೆಬ್ರವರಿಯಲ್ಲಿ ಆ ದೇಶವನ್ನೇ ಬಿಟ್ಟಿತು.

ಇಷ್ಟು ಹೇಳಿದೆನೆಂದು ಆ್ಯಪ್ ಕಂಪನಿಗಳ ವಕಾಲತ್ತು ವಹಿಸಿದ್ದೇನೆಂದು ದಯವಿಟ್ಟು ಭಾವಿಸಬಾರದು. ನನ್ನ ವಾದ ಸಂಧಿಯದಾದರೆ ಅದು ಅವರಿಗೂ ಅನ್ವಯಿಸಬೇಕು. ಇಂಟರ್‌ನೆಟ್ ಕರೆಯ ಆದ್ಯಪ್ರವರ್ತಕರಲ್ಲಿ ಒಂದಾದ ಸ್ಕೈಪ್ 2025ರ ಮೇ 5ರಂದು ಕಣ್ಮುಚ್ಚಿತು. ನಮ್ಮ ದೇಶದಲ್ಲಿ ಇಂದು ಇಂಟರ್‌ನೆಟ್ ಕರೆಯೆಂದರೆ ಬಹುಪಾಲು ಅಮೆರಿಕದ ಒಂದೇ ಕಂಪನಿಯ ಒಂದೇ ಆ್ಯಪ್. ಅದರಿಂದ ಸಿಗ್ನಲ್‌ಗೆ ಕರೆ ಹೋಗದು, ಟೆಲಿಗ್ರಾಂಗೆ ಹೋಗದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಪಟ್ಟಣಗಳ ವರ್ತಕರು ಮೇಜಿನ ಮೇಲೆ ಎರಡು ದೂರವಾಣಿಗಳನ್ನು ಇಟ್ಟುಕೊಳ್ಳುತ್ತಿದ್ದರು, ಬೆಲ್ ಕಂಪನಿಯದೊಂದು, ಸ್ವತಂತ್ರ ಕಂಪನಿಯದೊಂದು. ಎರಡೂ ಒಂದನ್ನೊಂದು ಮುಟ್ಟುತ್ತಿರಲಿಲ್ಲ. 1913ರಲ್ಲಿ ಸರ್ಕಾರದ ಒತ್ತಡಕ್ಕೆ ಮಣಿದು ಬೆಲ್ ಕಂಪನಿ ತನ್ನ ದೂರದ ಲೈನುಗಳನ್ನು ಸ್ವತಂತ್ರರಿಗೆ ತೆರೆಯಲು ಒಪ್ಪಿಕೊಂಡಿತು. ನೂರು ವರ್ಷದ ತರುವಾಯ ನಾವು ಒಂದೇ ಫೋನಿನೊಳಗೆ ನಾಲ್ಕು ಆ್ಯಪ್‌ಗಳನ್ನು ಇಟ್ಟುಕೊಂಡು ಅದೇ ಸ್ಥಿತಿಗೆ ಮರಳಿದ್ದೇವೆ. ಐರೋಪ್ಯ ಒಕ್ಕೂಟ 2022ರಲ್ಲಿ ಮಾಡಿದ ಕಾನೂನಿನ ಪ್ರಕಾರ ವಾಟ್ಸ್‌ಆ್ಯಪ್ ಇತರ ಸೇವೆಗಳು ಕೇಳಿಕೊಂಡರೆ ಅವುಗಳೊಡನೆ ಸಂದೇಶವನ್ನು ವಿನಿಮಯ ಮಾಡಿಕೊಳ್ಳಬೇಕು, ಮುಂದಿನ ಹಂತದಲ್ಲಿ ಕರೆಗಳನ್ನೂ. ಗೋಪ್ಯತೆಗೆ ಭಂಗ ಬಾರದಂತೆ ಇದನ್ನು ಸಾಧಿಸುವುದು ಕಷ್ಟವೇ. ಆದರೆ ಕಷ್ಟವಾದ ಕೆಲಸಕ್ಕೇ ಅಲ್ಲವೆ ನಿಮ್ಮಂಥ ಪ್ರಾಧಿಕಾರಗಳಿರುವುದು? ಪರವಾನಗಿಯ ಬದಲು ಕೂಡಿಕೆಯ ಕಟ್ಟಳೆಯನ್ನು ನೀವು ಆ್ಯಪ್‌ಗಳ ನಡುವೆ ತಂದರೆ ನಮ್ಮ ದೇಶದ ಯಾವನೋ ತರುಣನು ಕಟ್ಟಿದ ಚಿಕ್ಕ ಆ್ಯಪ್‌ಗೂ ಬಾಳುವ ಅವಕಾಶವಿದ್ದೀತು.

ಆಕಾಶದಿಂದ ಬರುವ ಹೊಸಬರನ್ನು ನಂಬಿ ಕುಳಿತಿರಬಹುದೆಂದು ಕೆಲವರು ಹೇಳುತ್ತಾರೆ. ಉಪಗ್ರಹದ ಮೂಲಕ ಇಂಟರ್‌ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಪರವಾನಗಿ ದೊರೆತದ್ದು ನಿಜ. ಆದರೆ ಅದಕ್ಕೆ ಮೂರು ತಿಂಗಳ ಮೊದಲೇ, ಒಂದೊಂದು ದಿನದ ಅಂತರದಲ್ಲಿ, ನೆಲದ ಇಬ್ಬರು ಪ್ರಬಲರೂ ಅದನ್ನು ತಮ್ಮ ಮಳಿಗೆಗಳ ಮೂಲಕ ಮಾರುವ ಒಡಂಬಡಿಕೆ ಪ್ರಕಟಿಸಿದ್ದರೆಂಬುದನ್ನು ಮರೆಯಬಾರದು. ಉಪಗ್ರಹ ಮೇಲಿದ್ದರೂ ಮಾರುವ ಬಾಗಿಲು ಹಳೆಯದೇ.

ಇನ್ನು ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೊರೆಯುತ್ತಿರುವ ವಿಷಯ. ಇಂಟರ್‌ನೆಟ್ ಕರೆಯ ಸ್ವಾತಂತ್ರ್ಯ ಸ್ಮಾರ್ಟ್‌ಫೋನ್ ಉಳ್ಳವರಿಗೆ; ಕೀಪ್ಯಾಡ್ ಸೆಟ್ಟನ್ನೇ ನಂಬಿದವರು ದೇಶದಲ್ಲಿ ಇನ್ನೂ ಕೋಟಿಗಟ್ಟಲೆ ಇದ್ದಾರೆ. ಮೊನ್ನೆ ನಮ್ಮ ತಾಲ್ಲೂಕಿನ ಪೇಟೆಯಲ್ಲಿ ರೀಚಾರ್ಜ್ ಅಂಗಡಿಯ ಮುಂದೆ ನಿಂತಿದ್ದಾಗ, ಸಂತೆಗೆ ಬಂದ ಒಬ್ಬ ವೃದ್ಧೆ ಎಲೆಅಡಿಕೆಯ ಚೀಲದಿಂದ ತನ್ನ ಸೆಟ್ಟನ್ನು ತೆಗೆದು ಹುಡುಗನ ಮುಂದಿಟ್ಟು, ‘ಬರೀ ಮಾತಾಡಾಕೆ ಎಷ್ಟಾಯ್ತದಪ್ಪಾ?’ ಎಂದು ಕೇಳಿದಳು. ‘ನೆಟ್ ಸೇರಿಸೇ ಬರೋದು ಅಜ್ಜಿ, ಇಪ್ಪತ್ತೆಂಟು ದಿನಕ್ಕೆ’ ಎಂದು ಅವನು ಇನ್ನೂರರ ಆಸುಪಾಸಿನ ಬೆಲೆ ಹೇಳಿದನು. ‘ನಂಗ್ಯಾಕಪ್ಪಾ ನೆಟ್ಟು? ಮಗಳು ಫೋನ್ ಮಾಡ್ತಾಳೆ, ಎತ್ತಕೊಳ್ಳಾಕೆ ಇದ್ರೆ ಸಾಕು’ ಎಂದಳು ಆಕೆ. ಬರಿಯ ಮಾತಿನ ಪ್ಯಾಕೂ ಉಂಟೆಂದು ನಾನು ನೆನಪಿಸಿದೆ. ಹುಡುಗ ಫೋನಿನಲ್ಲಿ ಹುಡುಕಿ, ‘ಐತೆ ಸಾರ್, ಎಂಬತ್ನಾಲ್ಕು ದಿನದ್ದು, ನಾನೂರೈವತ್ತರ ಹತ್ರ ಆಯ್ತದೆ’ ಎಂದನು. ಆಕೆ ಚೀಲದ ಬಾಯಿ ಕಟ್ಟಿ, ತನಗೆ ಬೇಡದ ನೆಟ್ಟನ್ನೇ ಹಾಕಿಸಿಕೊಂಡು ಹೋದಳು.

ಇದು ನಿಮ್ಮ ಆಜ್ಞೆಯ ಗತಿ. ಡೇಟಾ ಬೇಡವಾದವರಿಗೆ ಮಾತು ಮತ್ತು ಎಸ್‌ಎಂಎಸ್ ಮಾತ್ರವಿರುವ ಪ್ಯಾಕ್ ಒಂದಾದರೂ ಇರಬೇಕೆಂದು 2024ರ ಡಿಸೆಂಬರಿನಲ್ಲಿ ನೀವು ವಿಧಿಸಿದಿರಿ. ಅದರ ಅವಧಿ 365 ದಿನಗಳವರೆಗೆ ಇರಬಹುದೆಂದೂ ಹೇಳಿದಿರಿ. ಕಂಪನಿಗಳು ಆಜ್ಞೆಯನ್ನು ಅಕ್ಷರಶಃ ಪಾಲಿಸಿದುವು: ಎಂಬತ್ತನಾಲ್ಕು ದಿನದ್ದೊಂದು, ವರ್ಷದ್ದೊಂದು. ದಿನಗೂಲಿಯವನು ಮೂರು ತಿಂಗಳ ಹಣವನ್ನು ಒಮ್ಮೆಗೇ ಎಣಿಸಲಾರನೆಂಬುದು ಅವುಗಳಿಗೆ ಗೊತ್ತು. ಹತ್ತು ರೂಪಾಯಿಯ ಟಾಪ್‌ಅಪ್‌ನಲ್ಲಿ ತಿಂಗಳು ಕಳೆಯುತ್ತಿದ್ದ, ಬಂದ ಕರೆಯನ್ನು ಎತ್ತಿಕೊಳ್ಳಲು ಏನೂ ತೆರಬೇಕಾಗಿಲ್ಲದಿದ್ದ ಚಂದಾದಾರ, ಈಗ ಕರೆ ಎತ್ತುವ ಹಕ್ಕಿಗಾಗಿಯೇ ವ್ಯಾಲಿಡಿಟಿ ಕೊಳ್ಳುತ್ತಿದ್ದಾನೆ. 2003ರಲ್ಲಿ ನೀವು ಮುಂಬಾಗಿಲಿನಿಂದ ಹೊರಗಟ್ಟಿದ ಇನ್‌ಕಮಿಂಗ್ ಶುಲ್ಕ ಹಿತ್ತಿಲ ಕಡೆಯಿಂದ ಒಳಗೆ ಬಂದು ಕುಳಿತಿದೆ. ತಿಂಗಳೆಂದರೆ 28 ದಿನವೆಂಬ ಹೊಸ ಪಂಚಾಂಗವನ್ನು ಬರೆದು, ವರ್ಷಕ್ಕೆ ಹದಿಮೂರು ಬಾರಿ ರೀಚಾರ್ಜ್ ಮಾಡಿಸುತ್ತಿದ್ದ ಚಾತುರ್ಯಕ್ಕೆ 2022ರಲ್ಲಿ ನೀವು 30 ದಿನಗಳ ಪ್ಯಾಕ್ ಒಂದನ್ನು ಕಡ್ಡಾಯ ಮಾಡಿ ಉತ್ತರ ಕೊಟ್ಟಿರಿ. ಅದೇ ಉತ್ತರ ಬರಿಯ ಮಾತಿನ ಪ್ಯಾಕಿಗೂ ಬೇಕಾಗಿದೆ.

ಮಲೆನಾಡಿನವರ ಮಾತನ್ನು ಒಂದೇ ವಾಕ್ಯದಲ್ಲಿ ಸೇರಿಸುತ್ತೇನೆ: ಲಾಭ ಕಾಣದ ಕಣಿವೆಗಳಿಗೆ ಖಾಸಗಿ ಟವರ್ ಬಾರದಿರುವುದರಿಂದ, ಬೆಂಗಳೂರಿನ ತೇಜಸ್ ಸಂಸ್ಥೆಯ ಉಪಕರಣಗಳನ್ನೂ ಸಿ-ಡಾಟ್‌ನ ತಂತ್ರಾಂಶವನ್ನೂ ಕೂಡಿಸಿ 2025ರ ಸೆಪ್ಟೆಂಬರಿನಲ್ಲಿ ಲೋಕಾರ್ಪಣೆಗೊಂಡ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ ಅಂಥ ಊರುಗಳಲ್ಲಿ ಕೇವಲ ಫಲಕವಾಗಿ ನಿಲ್ಲದೆ, ಮಳೆಗಾಲದಲ್ಲಿ ಕರೆಂಟ್ ಹೋದ ಮೂರನೆಯ ದಿನವೂ ಕೆಲಸ ಮಾಡುತ್ತಿದೆಯೇ ಎಂಬುದನ್ನು ನಿಮ್ಮ ಪರೀಕ್ಷಕರು ಜುಲೈಯಲ್ಲಿ ಬಂದು ನೋಡಬೇಕು, ಜನವರಿಯಲ್ಲಿ ಅಲ್ಲ.

ಆದುದರಿಂದ ನನ್ನ ಪ್ರಾರ್ಥನೆಗಳು ಹೆಚ್ಚಿನವಲ್ಲ. ಇಂಟರ್‌ನೆಟ್ ಕರೆಗೆ ಪರವಾನಗಿಯನ್ನಾಗಲಿ ಪ್ರತ್ಯೇಕ ಶುಲ್ಕವನ್ನಾಗಲಿ ಶಿಫಾರಸು ಮಾಡಬೇಡಿ. ವಂಚನೆಯ ತಡೆಗೆ ವಂಚಕರ ಬೆನ್ನು ಹತ್ತುವ ಕಾನೂನು ಸಾಕು, ಮಾತನಾಡುವವರೆಲ್ಲರ ಮೇಲೆ ಸುಂಕ ಬೇಡ. ಜಾಲಗಳ ನಡುವಿನ ಸಂಧಿಗಳಲ್ಲಿ ಎಷ್ಟು ಕರೆ ಬೀಳುತ್ತಿದೆ ಎಂಬುದನ್ನು, ಯಾವ ಕಂಪನಿ ಯಾರಿಗೆ ದ್ವಾರ ತಡೆದಿದೆ ಎಂಬುದು ಓದಿದವನಿಗೆ ತಿಳಿಯುವಂತೆ, ವಲಯವಾರು ಕನ್ನಡದಲ್ಲಿಯೂ ಪ್ರಕಟಿಸಿರಿ. 2016ರ ನವಾಗತನೇ ಇಂದಿನ ಯಜಮಾನನಾಗಿರುವುದರಿಂದ ಮುಂದಿನ ನವಾಗತನಿಗೆ ಐದು ವರ್ಷದ ತರುವಾಯದ ದಂಡ ಯಾವ ರಕ್ಷಣೆಯೂ ಅಲ್ಲ. ದೊಡ್ಡ ಆ್ಯಪ್‌ಗಳಿಗೆ ಕೂಡಿಕೆಯ ಕಟ್ಟಳೆಯನ್ನು ವಿಚಾರಿಸಲು ಆರಂಭಿಸಿರಿ. ಮತ್ತು ಇವೆಲ್ಲಕ್ಕೂ ಮುಂಚೆ, ಮೂವತ್ತು ದಿನದ, ಡೇಟಾ ಇಲ್ಲದ, ಮಾತು ಮಾತ್ರದ ಪ್ಯಾಕ್ ಒಂದನ್ನು ಪ್ರತಿಯೊಂದು ಕಂಪನಿಯೂ ಡೇಟಾ ಪ್ಯಾಕಿಗಿಂತ ಗಣನೀಯವಾಗಿ ಕಡಮೆ ಬೆಲೆಗೆ ಮಾರಲೇಬೇಕೆಂದು, ಅದರ ಬೆಲೆಯನ್ನು ಅಂಗಡಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಬೇಕೆಂದು, ಈ ವರ್ಷ ಮುಗಿಯುವುದರೊಳಗೆ ಆಜ್ಞೆ ಹೊರಡಿಸಿರಿ. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. 1997ರ ಕಾಯಿದೆ ನಿಮಗೆ ಕೊಟ್ಟಿರುವ ಅಧಿಕಾರವೇ ಧಾರಾಳವಾಗಿದೆ.

ಇಂತು ತಮ್ಮ ವಿಶ್ವಾಸಿ,
ಕರ್ನಾಟಕ ವಲಯದ ಒಬ್ಬ ಚಂದಾದಾರ